ಮಕ್ಕಳ ವಾರ್ಡಿನ ಮಾಯನ್ ತಾಯಿ

2014ರ ರಾಜ್ಯೋತ್ಸವದ ವೇದಿಕೆಯ ಮೇಲೆ ವೆಂಕಟಗಿರಿ ಮಧ್ಯ ಅಮೆರಿಕದ ಪ್ರಾಚೀನ ಮಾಯನ್ನರ ಬಗ್ಗೆ ಮಾತಾಡುತ್ತಿದ್ದರೆ, ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಡಾಕ್ಟರ್ ಲೀಲಾವತಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಸುಳ್ಳೇನೂ ಹೇಳುತ್ತಿರಲಿಲ್ಲ. ಹೂಸ್ಟನ್ನಿನ ಕ್ಲಿಯರ್ ಲೇಕ್ ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ಟಿನ ಲೆಕ್ಕ ಹಾಕುವ ಮನುಷ್ಯ, ರಜೆ ಹಾಕಿ ಮೆಕ್ಸಿಕೋ ಸುತ್ತಿ ಬಂದವರು. ಮಾಯನ್ನರೆಂದರೆ ದೂರದರ್ಶಕವಿಲ್ಲದೆ ಶುಕ್ರನ ಚಲನೆ ಹಿಡಿದವರು, ಸೊನ್ನೆಗೆ ಚಿಪ್ಪಿನ ಗುರುತು ಕೊಟ್ಟವರು, ಮರದ ತೊಗಟೆಯ ಮೇಲೆ ಪುಸ್ತಕ ಬರೆದವರು ಎಂದು ಭಕ್ತಿಯಿಂದಲೇ ವರ್ಣಿಸುತ್ತಿದ್ದರು. ಹೂಸ್ಟನ್ನಿನ ಕನ್ನಡಿಗರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

"ಇಂಥ ಜನ ಕೊನೆಗೆ ಹೇಳಹೆಸರಿಲ್ಲದಂತೆ ಕಣ್ಮರೆಯಾಗಿಬಿಟ್ಟರು," ಎಂದು ಅವರು ಮುಗಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಂದಕುಮಾರ್. ಕನ್ನಡ ಸಂಘದ ಅಧ್ಯಕ್ಷ, ಲೀಲಾವತಿಯ ಆಸ್ಪತ್ರೆಯ ಆಡಳಿತಾಧಿಕಾರಿಯೂ ಅವನೇ.

ಆ ಚಪ್ಪಾಳೆ ಆಕೆಗೆ ತಡೆಯಲಾಗಲಿಲ್ಲ. ಯಾಕೆಂದರೆ ಅದೇ ಹೊತ್ತಿನಲ್ಲಿ ಅವರ ವಾರ್ಡಿನಲ್ಲಿ ಗ್ವಾಟೆಮಾಲದ ಮಿಕಾಯೆಲಾ ತನ್ನ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಮಗುವಿಗೆ ಆಪರೇಷನ್ ಆಗಬೇಕು, ಅವಳು ಕೊಡಳು. ಸ್ಪ್ಯಾನಿಷ್ ದುಭಾಷಿ ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು, ಮಗುವನ್ನು ಎತ್ತಿಕೊಳ್ಳಲು ಹೋದರೆ ಏನೇನೋ ಚೀರುವುದು. ಇವಳಿಗೆ ಬುದ್ಧಿ ಮಂದ ಎಂದು ತೀರ್ಮಾನಿಸಿ, ಸೋಮವಾರ ಕೋರ್ಟಿಗೆ ಹೋಗಿ ಮಗುವನ್ನು ಬಿಡಿಸಿಕೊಳ್ಳಲು ಆಸ್ಪತ್ರೆ ಸಿದ್ಧವಾಗಿತ್ತು. ಆದರೆ ಅವಳು ಮಗುವಿನೊಡನೆ ಪಟಪಟನೆ ಮಾತಾಡುವುದನ್ನು ಲೀಲಾವತಿ ಕೇಳಿದ್ದರು. ಸ್ಪ್ಯಾನಿಷ್ ಅಲ್ಲ, ವಿಚಾರಿಸಿದರೆ ಕಿಚೇ. ಮಾಯನ್ನರ ಭಾಷೆಗಳಲ್ಲೊಂದು, ಲಕ್ಷಾಂತರ ಜನ ಇವತ್ತಿಗೂ ಆಡುವಂಥದ್ದು. ಆ ಭಾಷೆಯ ದುಭಾಷಿ ಬೇಕೆಂದು ಕೇಳಿದರೆ ನಂದಕುಮಾರ್, "ಗ್ವಾಟೆಮಾಲ ಅಂದ್ಮೇಲೆ ಸ್ಪ್ಯಾನಿಷ್ ಸಾಕು ಡಾಕ್ಟ್ರೇ," ಎಂದು ಕೈ ತೊಳೆದುಕೊಂಡಿದ್ದ.

ಅದೇ ಬಾಯಿ ಸ್ವಲ್ಪ ಹೊತ್ತಿನ ಮುಂಚೆ ಇದೇ ಮೈಕಿನಲ್ಲಿ, ಇಂಡಿಯಾ ಎಂದ ತಕ್ಷಣ ಹಿಂದಿ ಎನ್ನುವವರ ಜನ್ಮ ಜಾಲಾಡಿತ್ತು!

ಲೀಲಾವತಿ ಎದ್ದು ನಿಂತರು.

"ಕಣ್ಮರೆ ಆದ್ರು ಅಂದ್ರಲ್ಲ, ಯಾರ ಕಣ್ಣಿಗ್ರೀ? ಅವರಲ್ಲೊಬ್ಬಳು ನನ್ನ ವಾರ್ಡಲ್ಲಿ ಕೂತಿದಾಳೆ."

"ಲೀಲಾ, ಪ್ರಶ್ನೆ ಆಮೇಲೆ ಕಣೇ," ವೆಂಕಟಗಿರಿ ಮೈಕು ಮುಚ್ಚಿ ಪಿಸುಗುಟ್ಟಿದರು.

"ಆಮೇಲೆ ಅಂದ್ರೆ ಸೋಮವಾರ ಮಗೂನ ಕಿತ್ಕೋತಾರೆ. ನಂದಕುಮಾರ್, ನಿಮ್ಮಮ್ಮನ್ನ ಆಸ್ಪತ್ರೆಗೆ ಸೇರಿಸಿ ಬರೀ ಹಿಂದೀಲಿ ಮಾತಾಡ್ಸಿದ್ರೆ, ಅವರು ಅರ್ಥವಾಗದೆ ತಲೆ ಆಡ್ಸಿದ್ರೆ, ಬುದ್ಧಿ ಇಲ್ಲ ಅಂತ ಬರೀತೀರಾ?"

ಇಡೀ ಸಭೆ ಅವನತ್ತ ತಿರುಗಿತು. ನಂದಕುಮಾರ್ ಇಂಗು ತಿಂದ ಮಂಗನಂತಾಗಿ, "ಏರ್ಪಾಡು ಮಾಡ್ತೀನಿ, ಕೂತ್ಕೊಳ್ಳಿ," ಎಂದ. ಲೀಲಾವತಿ ಕೂರಲಿಲ್ಲ. ಅವನು ಆಸ್ಪತ್ರೆಗೆ ಫೋನ್ ಮಾಡಿ ಮುಗಿಸುವವರೆಗೂ ನಿಂತೇ ಇದ್ದರು.

ಮರುದಿನ ಬೆಳಿಗ್ಗೆ ಫೋನಿನಲ್ಲಿ ಕಿಚೇ ದುಭಾಷಿಯೊಬ್ಬಳು ಸಿಕ್ಕಳು. ತನ್ನ ಭಾಷೆ ಕಿವಿಗೆ ಬಿದ್ದದ್ದೇ ತಡ, ಮಿಕಾಯೆಲಾ ಅಳುತ್ತಲೇ ಒಂದೇ ಉಸಿರಿಗೆ ಹೇಳತೊಡಗಿದಳು. ಊರಿನಲ್ಲಿ ಅವಳ ಹಿರಿಯ ಮಗನಿಗೂ ಆಪರೇಷನ್ ಆಗಿತ್ತು. ಅರಿವಳಿಕೆ ಕೊಟ್ಟದ್ದೇ ಮೈ ಕೆಂಡವಾಗಿ, ಕೈಕಾಲು ಸೆಟೆದು ಮಗು ಹೋಗಿಬಿಟ್ಟಿತು. ಅವಳ ತಮ್ಮನೂ ಹಾಗೆಯೇ ಹೋಗಿದ್ದ. ಕೇಳುತ್ತ ಲೀಲಾವತಿಗೆ ಥಟ್ಟನೆ ಹೊಳೆಯಿತು. ಕೆಲವು ಅರಿವಳಿಕೆಗಳನ್ನು ಮೈ ತಡೆಯದ, ವಂಶದಲ್ಲಿ ಬರುವ ದೋಷ ಅದು. ಮಾಮೂಲಿ ಅರಿವಳಿಕೆ ಕೊಟ್ಟಿದ್ದರೆ ಈ ಕೂಸೂ ಟೇಬಲ್ಲಿನ ಮೇಲೇ ಸಾಯಬಹುದಿತ್ತು.

ಅವಳಿಗೆ ಕಿಚೇಯಲ್ಲೇ ವಿವರಿಸಿ, ಒಪ್ಪಿಗೆ ಪಡೆದು, ಬೇರೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿದರು. ಮಗು ಉಳಿಯಿತು.

"ಸದ್ಯ, ಸಮಯಕ್ಕೆ ಸರಿಯಾಗಿ ಗೊತ್ತಾಯ್ತಲ್ಲ ಡಾಕ್ಟ್ರೇ," ಎಂದು ನಂದಕುಮಾರ್ ಹಲ್ಲು ಕಿರಿದ.

"ಗೊತ್ತಾಗೋಕೆ ಏನಿತ್ತು?" ಎಂದರು ಲೀಲಾವತಿ. "ಬಂದ ದಿನದಿಂದ ಅವಳು ಹೇಳ್ತಾನೇ ಇದ್ದಳು."