ಗಿರಣಿ ಮನೆಯ ಅರ್ಧ ಸೇರು

ದೊಡ್ಡನೆಕ್ಕುಂದಿಯಲ್ಲಿ ನಲ್ಲಪ್ಪನ ಹಿಟ್ಟಿನ ಗಿರಣಿ ಗೊತ್ತಿಲ್ಲ ಎನ್ನುವವರು ಒಂದೋ ನಿನ್ನೆ ಮೊನ್ನೆ ಅಪಾರ್ಟ್‌ಮೆಂಟಿಗೆ ಬಂದವರು, ಇಲ್ಲವೇ ಮೂರು ಹೊತ್ತೂ ಹೋಟೆಲಿನಲ್ಲಿ ಉಣ್ಣುವವರು. ಊರಿನ ಪಕ್ಕ ಕಾರ್ಖಾನೆಗಳು ಬಂದವು, ರಿಂಗ್ ರೋಡು ಬಂತು, ಗಾಜಿನ ಕಟ್ಟಡಗಳು ಬಂದವು. ಗಿರಣಿ ಮಾತ್ರ ಹಳೇ ಓಣಿಯಲ್ಲಿ ತನ್ನ ಹಳೇ ಸದ್ದು ಮಾಡಿಕೊಂಡು ಉಳಿಯಿತು. ಬೋರ್ಡಿನ ಮೇಲೆ ನಲ್ಲಪ್ಪನ ಹೆಸರಿತ್ತು. ಆದರೆ ನಲ್ಲಪ್ಪನಿದ್ದದ್ದು ಬೆಲ್ಟು ಜಾರಿದಾಗ ಏರಿಸುವುದಕ್ಕೆ ಮತ್ತು ಕರೆಂಟು ಹೋದಾಗ ಬೈಯುವುದಕ್ಕೆ. ಗಿರಣಿ ನಡೆಸುತ್ತಿದ್ದವಳು ಅವನ ಹೆಂಡತಿ ಮಾರಕ್ಕ.

ಯಾರ ಡಬ್ಬ ಯಾರ ಹಿಂದೆ ಎಂದು ತೀರ್ಮಾನಿಸುವುದು ಅವಳ ಕೆಲಸ, ಅದರಲ್ಲಿ ಅವಳ ಮಾತೇ ಕೊನೆ. ಅಕ್ಕಿಯವರು ಬಂದರೆ ಇನ್ನೊಬ್ಬ ಅಕ್ಕಿಯವರು ಬರುವ ತನಕ ಕಾಯಬೇಕು, ಯಾಕೆಂದರೆ ರಾಗಿ ಬೀಸಿದ ಕಲ್ಲಿಗೆ ಅಕ್ಕಿ ಹಾಕಿದರೆ ಹಿಟ್ಟು ಬೂದಿ ಬಣ್ಣಕ್ಕೆ ತಿರುಗಿ ಜಗಳಕ್ಕೆ ದಾರಿಯಾಗುತ್ತದೆ. ಗೋಧಿಯವರೂ ಸ್ವಲ್ಪ ಗೊಣಗುವವರೇ. ರಾಗಿಯವರದು ಮಾತ್ರ ತಕರಾರಿಲ್ಲ. ಅವರನ್ನು ಯಾರ ಹಿಂದೆ ನಿಲ್ಲಿಸಿದರೂ ಹಿಟ್ಟು ರಾಗಿಯ ಬಣ್ಣದಲ್ಲೇ ಬರುತ್ತದೆ, ಡಬ್ಬ ಎತ್ತಿಕೊಂಡು ಹೋಗುತ್ತಾರೆ.

ಮನೆಯ ಕಾಳಿಗೆ ಸರದಿ ಎಲ್ಲರದೂ ಮುಗಿದ ಮೇಲೆ. ಇದು ಮಾರಕ್ಕನ ಅತ್ತೆ ಹಾಕಿಕೊಟ್ಟ ಪದ್ಧತಿ. ಹೊರಗಿನವರಿಗೆ ಇದು ದೊಡ್ಡತನವಾಗಿ ಕಾಣುತ್ತಿತ್ತು. ಗಿರಾಕಿಯೇ ಮೊದಲು, ನಾವು ಆಮೇಲೆ ಎಂದು ಮಾರಕ್ಕನೂ ಹೇಳಿಕೊಳ್ಳುತ್ತಿದ್ದಳು. ಒಳಗಿನ ಸಂಗತಿ ಬೇರೆ. ದಿನವಿಡೀ ಬೀಸಿದವರೆಲ್ಲರ ಹಿಟ್ಟು ಚೂರು ಚೂರು ಕಲ್ಲಿನ ಸಂದಿಯಲ್ಲಿ, ತಗಡಿನ ಕೊಳವೆಯಲ್ಲಿ ಕೂತಿರುತ್ತದೆ. ಕೊನೆಗೆ ಮನೆಯ ರಾಗಿ ಸುರಿದರೆ ಅದನ್ನೆಲ್ಲ ನೂಕಿಕೊಂಡು ಬರುತ್ತದೆ. ಹತ್ತು ಸೇರು ಹಾಕಿದರೆ ಹತ್ತೂವರೆ ಸೇರು ಹಿಟ್ಟು. ಆ ಅರ್ಧ ಸೇರನ್ನು ಕಂಡಾಗ ಮಾರಕ್ಕನಿಗೆ ಆಗುತ್ತಿದ್ದ ಸಂತೋಷ, ಮೂರು ಗುಂಟೆ ಜಾಗ ಮಾರಿದಾಗಲೂ ಆಗಿರಲಿಲ್ಲ.

ಇಂಥ ಮನೆಗೆ ಚಿಕ್ಕಬಾಣಾವರದಿಂದ ರಾಣಿ ಸೊಸೆಯಾಗಿ ಬಂದಳು. ಮಗ ಮುರಳಿ ಒಂದು ಕಂಪನಿಯಲ್ಲಿ ಕ್ಯಾಬುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ರಾಣಿಯ ತಾಯಿ ನಾಗಲಕ್ಷ್ಮಮ್ಮ ಹತ್ತು ಸಂಬಂಧ ನೋಡಿ, ಗಿರಣಿ ಇರುವ ಮನೆ, ಮಗಳು ಬೀಸುವ ಕುಟ್ಟುವ ಕಷ್ಟ ನೋಡುವುದಿಲ್ಲ, ಹಿಟ್ಟಿಗೆ ಬರವಿಲ್ಲ ಎಂದು ಒಪ್ಪಿದ್ದಳು. ಹಿಟ್ಟಿಗೇನೋ ಬರವಿರಲಿಲ್ಲ.

ಮದುವೆಯಾಗಿ ಮೂರು ತಿಂಗಳಿಗೆ ರಾಣಿ ಬಾಡತೊಡಗಿದಳು. ಉಂಡದ್ದು ಮೈಗೆ ಹತ್ತದು, ಹೊಟ್ಟೆ ಉಬ್ಬರ, ಭೇದಿ, ಬಾಚಣಿಗೆ ತುಂಬ ಕೂದಲು. ಸರಿಯಾಗಿ ತಿನ್ನುವುದಿಲ್ಲ, ಅದಕ್ಕೇ ಹೀಗೆ ಎಂದು ಮಾರಕ್ಕ ದಿನಾ ಬೆಳಿಗ್ಗೆ ತುಪ್ಪ ಸವರಿದ ಚಪಾತಿ ನಾಲ್ಕು ಮುಂದಿಟ್ಟಳು. ರಾಣಿ ಇನ್ನೂ ಇಳಿದಳು. ಕೊನೆಗೆ ವೈಟ್‌ಫೀಲ್ಡಿನ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಗಂಟಲಲ್ಲಿ ಪೈಪು ಇಳಿಸಿ ನೋಡಿದ ಡಾಕ್ಟರು ಇದಕ್ಕೆ ಸೀಲಿಯಾಕ್ ಅನ್ನುತ್ತಾರೆ ಎಂದರು. ಗೋಧಿಯಲ್ಲಿ ಗ್ಲುಟನ್ ಎಂಬ ಅಂಶವಿದೆ, ಅದು ಈಕೆಯ ಕರುಳಿಗೆ ಆಗದು. ಗೋಧಿ, ಮೈದಾ, ರವೆ, ಶ್ಯಾವಿಗೆ ಯಾವುದೂ ಕೂಡದು, ಒಂದು ಚಿಟಿಕೆಯೂ ಕೂಡದು, ಜನ್ಮಪೂರ್ತಿ ಕೂಡದು. ಗಿರಣಿ ಮನೆಯ ಸೊಸೆಗೆ ಹಿಟ್ಟು ಆಗುವುದಿಲ್ಲವೆಂಬ ಸುದ್ದಿ ಆ ಓಣಿಯಲ್ಲಿ ಒಂದು ವಾರ ಓಡಾಡಿತು.

ಮುರಳಿ ಆಫೀಸಿನ ಪ್ರಿಂಟರಿನಲ್ಲಿ ಹನ್ನೊಂದು ಹಾಳೆ ಮುದ್ರಿಸಿಕೊಂಡು ಬಂದ. ಇಂಥ ಕಾಯಿಲೆಯವರು ಬೆಳಿಗ್ಗೆ ಏನೇನು ತಿನ್ನಬಹುದು ಎಂದು ಯಾರೋ ಅಮೆರಿಕದ ಹೆಂಗಸು ಬರೆದಿದ್ದಳು. ಅವನು ಓದುತ್ತಾ ಹೋದ, ಮಾರಕ್ಕ ಅವರೆಕಾಯಿ ಬಿಡಿಸುತ್ತಾ ಕೇಳಿದಳು. ಕೀನ್ವಾ ಗಂಜಿ, ಬಾದಾಮಿ ಹಿಟ್ಟಿನ ಕೇಕು, ಬೆಣ್ಣೆಹಣ್ಣು ಸವರಿದ ಅದೆಂಥದೋ ಬ್ರೆಡ್ಡು. ಕೀನ್ವಾ ಎಂದರೆ ಏನೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಸೂಪರ್ ಮಾರ್ಕೆಟಿನಿಂದ ಒಂದು ಪೊಟ್ಟಣ ತಂದ. ಬೇಯಿಸಿದಾಗ ಗುಬ್ಬಿಗೆ ಹಾಕುವ ನವಣೆಯಂತೆ ಕಂಡಿತು. ನಲ್ಲಪ್ಪ ಒಂದು ಚಮಚ ಬಾಯಿಗಿಟ್ಟು ಎದ್ದುಹೋದ. ಹಾಳೆಗಳನ್ನು ಮಾರಕ್ಕ ಡಬ್ಬದ ತಳಕ್ಕೆ ಹಾಸಿದಳು.

"ಗೋದಿ ತಾನೆ ಬ್ಯಾಡ ಅಂದಿದ್ದು? ರಾಗಿ ಬ್ಯಾಡ ಅಂದವ್ರಾ? ಅಕ್ಕಿ ಬ್ಯಾಡ ಅಂದವ್ರಾ?" ಎಂದಳು. "ನಾನ್ ನೋಡ್ಕತೀನಿ ಬುಡು."

ನಿಜವಾಗಿಯೂ ನೋಡಿಕೊಂಡಳು. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ, ರಾಣಿಯನ್ನು ಕಂಡರೆ ಪ್ರಾಣ. ಗೋಧಿ ಹಿಟ್ಟಿನ ಡಬ್ಬ ಅಡುಗೆಮನೆಯಿಂದ ಹೊರಗೆ ಹೋಯಿತು. ಲಟ್ಟಣಿಗೆ, ಮಣೆ ಹೋದವು, ಹೊಸ ಹೆಂಚು ಬಂತು. ಸೊಸೆ ಗಿರಣಿಯ ಕಡೆ ತಲೆ ಹಾಕುವಂತಿರಲಿಲ್ಲ. ಚಪಾತಿಯಿಲ್ಲದೆ ಊಟ ಸೇರದ ನಲ್ಲಪ್ಪ ಅದನ್ನು ಹೋಟೆಲಿನಲ್ಲಿ ತಿಂದು ಬಾಯಿ ತೊಳೆದುಕೊಂಡು ಬರಬೇಕಾಯಿತು. ಐದು ಗಂಟೆಗೇ ಎದ್ದು ಮಾರಕ್ಕ ಸೊಸೆಗಾಗಿ ರಾಗಿ ರೊಟ್ಟಿ ತಟ್ಟುವಳು. ಒಂದು ದಿನ ನುಗ್ಗೆಸೊಪ್ಪು ಹಾಕಿ, ಒಂದು ದಿನ ಈರುಳ್ಳಿ ಹಾಕಿ, ಬಿಸಿಲು ಜಾಸ್ತಿಯಾದರೆ ರಾಗಿ ಅಂಬಲಿಗೆ ಮಜ್ಜಿಗೆ. ಹಿಟ್ಟು ಮನೆಯದೇ, ಗಿರಣಿಯಲ್ಲಿ ತಾನೇ ನಿಂತು ಬೀಸಿದ್ದು. ಅಂಗಡಿ ಪ್ಯಾಕೆಟ್ಟನ್ನು ಅವಳು ನಂಬುತ್ತಿರಲಿಲ್ಲ. ಅದರಲ್ಲಿ ಯಾರು ಏನು ಬೆರೆಸಿರುತ್ತಾರೋ ಯಾರಿಗೆ ಗೊತ್ತು.

ರಾಣಿ ಹಾಕಿದ್ದನ್ನೆಲ್ಲ ತಿನ್ನುವಳು. ಬೇಡ ಎನ್ನುವ ಪೈಕಿಯಲ್ಲ, ಇನ್ನೊಂದು ಕೊಡಿ ಎನ್ನುವ ಪೈಕಿಯೂ ಅಲ್ಲ. ತಿಂದು ಒಂದು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಒಳಗೆ ಮಲಗುವಳು.

ಆಷಾಢ ಬಂತು. ಹೊಸ ಸೊಸೆ ಅತ್ತೆಮನೆಯಲ್ಲಿರಬಾರದ ತಿಂಗಳಾದ್ದರಿಂದ ಅವಳು ಚಿಕ್ಕಬಾಣಾವರಕ್ಕೆ ಹೋದಳು. ಶ್ರಾವಣದಲ್ಲಿ ಕರೆತರಲು ಹೋದ ಮುರಳಿ ಹೆಂಡತಿಯನ್ನು ನೋಡಿ ಬಾಗಿಲಲ್ಲೇ ನಿಂತ. ಕೆನ್ನೆ ತುಂಬಿತ್ತು, ಮೂರೂವರೆ ಕೆಜಿ ಏರಿದ್ದಳು. ಮಗ ಈ ಸುದ್ದಿ ಸಂತೋಷದಿಂದ ಹೇಳಿದಾಗ ಮಾರಕ್ಕನ ಮುಖ ಸಣ್ಣಗಾಯಿತು. ಆ ನಾಗಲಕ್ಷ್ಮಮ್ಮ ಅದೇನು ಮಾಡಿ ಹಾಕಿದಳಂತೆ ಎಂದು ಮಗನನ್ನು ಮೂರು ಸಲ ಕೇಳಿದಳು. ಬರೀ ಇಡ್ಲಿಯಂತೆ, ಆಗಾಗ ದೋಸೆಯಂತೆ. ಇಡ್ಲಿ ಜ್ವರ ಬಂದವರು ತಿನ್ನುವ ತಿಂಡಿ, ಅದರಲ್ಲಿ ಏನು ಕಸುವು ಎಂದು ಮಾರಕ್ಕ ತಿರಸ್ಕರಿಸಿದಳು. ತವರಿನಲ್ಲಿ ಎಲ್ಲರೂ ತುಂಬಿಕೊಳ್ಳುತ್ತಾರೆ, ಅದು ತಿಂಡಿಯ ಗುಣವಲ್ಲ, ಕೆಲಸವಿಲ್ಲದೆ ಬಿದ್ದುಕೊಳ್ಳುವುದರ ಗುಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗೌರಿಹಬ್ಬದ ಹೊತ್ತಿಗೆ ಆ ಮೂರೂವರೆ ಕೆಜಿ ಕರಗಿತ್ತು. ಬಾಗಿನ ತಂದ ನಾಗಲಕ್ಷ್ಮಮ್ಮ ಮಗಳ ಮೊಳಕೈ ಹಿಡಿದು ನೋಡಿದಳು, ಮೊರವನ್ನು ದೇವರ ಮುಂದಿಟ್ಟು ಬಂದಳು, ಆಮೇಲೆ ಬೀಗಿತ್ತಿಯನ್ನು ಹಿತ್ತಲಿಗೆ ಕರೆದಳು. ದನಿ ಏರಿಸದೆ ಹೇಳಿದಳು.

"ನಿಮ್ಮನೇಲಿ ಏನ್ ನಡೀತಿದ್ಯೋ ನಂಗೊತ್ತಿಲ್ಲ ಅಕ್ಕ. ದೀಪಾವಳಿಗೆ ಬರ್ತೀನಿ. ಅವತ್ತೂ ಹಿಂಗೇ ಇದ್ರೆ ಕರ್ಕೊಂಡ್ ಹೋಗ್ತೀನಿ, ತಿರ್ಗ ಕಳ್ಸಲ್ಲ."

ಅಂದಿನಿಂದ ರಾಣಿಯ ತಟ್ಟೆಗೆ ಎರಡರ ಬದಲು ಮೂರು ರೊಟ್ಟಿ ಬಿತ್ತು. ಸೊಸೆ ಇನ್ನೂ ಬೇಗ ಸೊರಗಿದಳು. ಮಗ ಮಾತು ಕಡಿಮೆ ಮಾಡಿದ. ತನ್ನ ಮೇಲೇ ಯಾರಾದರೂ ಮಾಟ ಮಾಡಿಸಿದ್ದಾರೆಯೇ ಎಂದು ಮಾರಕ್ಕ ಮುನೇಶ್ವರನಿಗೆ ಹರಕೆಯನ್ನೂ ಕಟ್ಟಿದಳು.

ದೀಪಾವಳಿಗೆ ಇನ್ನೂ ಒಂದು ತಿಂಗಳಿರುವಾಗ ಹಿಂದಿನ ಬೀದಿಯ ರುದ್ರಮ್ಮ ಮಗಳ ಸೀಮಂತದ ಚಕ್ಕುಲಿಗೆಂದು ಅಕ್ಕಿ ತಂದಳು. ಅವಸರದಲ್ಲಿದ್ದ ನಲ್ಲಪ್ಪ ರಾಗಿಯ ಹಿಂದೆಯೇ ಅದನ್ನು ಸುರಿದುಬಿಟ್ಟ. ಡಬ್ಬಕ್ಕೆ ಬಿದ್ದ ಹಿಟ್ಟು ನೋಡಿ ರುದ್ರಮ್ಮ ಬೀದಿಗೆಲ್ಲ ಕೇಳುವಂತೆ ಜಗಳ ತೆಗೆದಳು. ಈ ಹಿಟ್ಟಲ್ಲಿ ಚಕ್ಕುಲಿ ಮಾಡಿದರೆ ಬೀಗರು ಏನಂದಾರು, ಅಕ್ಕಿಗೆ ಅಕ್ಕಿ ಕೊಡಿ ಎಂದಳು. ಇಂಥ ಜಗಳವನ್ನು ಮಾರಕ್ಕ ಇಪ್ಪತ್ತೆರಡು ವರ್ಷದಿಂದ ನಿಭಾಯಿಸಿಕೊಂಡು ಬಂದವಳು. ಅದಕ್ಕೆ ಅವಳ ಬಳಿ ಸಿದ್ಧ ಮಾತೊಂದಿತ್ತು, ಅದನ್ನೇ ಹೇಳಿದಳು: "ಕಲ್ಲಲ್ಲಿ ಮೊದ್ಲು ಬೀಸಿದ್ದು ಒಸಿ ಇದ್ದೇ ಇರ್ತದೆ ಕಣಮ್ಮ. ಅಕ್ಕೀಲಿ ಕಾಣ್ತದೆ, ರಾಗೀಲಿ ಕಾಣಾಕಿಲ್ಲ, ಅಷ್ಟೇಯ."

ಹೇಳಿ ಮುಗಿಸಿದವಳು ಅಲ್ಲೇ ನಿಂತುಬಿಟ್ಟಳು. ರುದ್ರಮ್ಮ ಇನ್ನೂ ಏನೋ ಕೂಗುತ್ತಿದ್ದಳು. ಮಾರಕ್ಕ ತನ್ನ ಡಬ್ಬದಿಂದ ಅಕ್ಕಿ ಅಳೆದು ಕೊಟ್ಟು ಕಳಿಸಿದಳು. ಎಷ್ಟು ಅಳೆದಳೆಂಬುದೂ ಅವಳಿಗೆ ನೆನಪಿಲ್ಲ.

ಆ ಸಂಜೆ ಎಲ್ಲರ ಸರದಿ ಮುಗಿದ ಮೇಲೆ ಅವಳು ರಾಗಿಯ ಬದಲು ಒಂದು ಬೊಗಸೆ ಅಕ್ಕಿಯನ್ನು ಗಿರಣಿಗೆ ಹಾಕಿದಳು. ಕೊನೆಯ ಗಿರಾಕಿಯದು ಗೋಧಿ, ಅದರ ಹಿಂದಿನದೂ ಗೋಧಿ. ಬಿದ್ದದ್ದು ಅಕ್ಕಿಹಿಟ್ಟಲ್ಲ. ಗೋಧಿ ತೌಡಿನ ಚೂರು ಬೆರೆತು ಕೆಂಪಾಗಿತ್ತು, ನೀರು ಹಾಕಿ ಕಲಸಿದರೆ ಬೆರಳಿಗೆ ಅಂಟುತ್ತಿತ್ತು. ರಾಣಿಯ ರೊಟ್ಟಿ ಬೇರೆಯವರ ಮನೆಯ ರಾಗಿ ರೊಟ್ಟಿಯಂತೆ ಬಿರಿಯುವುದಿಲ್ಲ, ನನ್ನ ಕೈಗುಣ ಎಂದು ಓಣಿಯಲ್ಲೆಲ್ಲ ಹೇಳಿಕೊಂಡಿದ್ದಳು. ಒಂದು ಚಿಟಿಕೆಯೂ ಕೂಡದು ಎಂದಿದ್ದರು ಡಾಕ್ಟರು. ಅವಳು ಅರ್ಧ ಸೇರು ಉಣಿಸಿದ್ದಳು, ವಾರವಾರವೂ, ಕೈಯಾರೆ ತಟ್ಟಿ.

ಯಾರಿಗೂ ಹೇಳಲಿಲ್ಲ. ಹೇಳುವ ಧೈರ್ಯವಾಗಲಿಲ್ಲ ಅನ್ನುವುದೇ ಸರಿ. ಕಲ್ಲು ತೊಳೆಯಬಹುದೇ ಎಂದು ಗಂಡನನ್ನು ಸುಮ್ಮನೆ ಎಂಬಂತೆ ಕೇಳಿದಳು. ಅವನು ನಕ್ಕು, ಗೋಡೆಯ ಜೇಡರ ಬಲೆಯ ಮೇಲೂ ನನ್ನ ಹುಬ್ಬಿನ ಮೇಲೂ ಗೋಧಿಯೇ ಇದೆ, ಎಲ್ಲೆಲ್ಲಿ ತೊಳೆಯುತ್ತೀಯ ಎಂದ.

ಮರುದಿನ ಸಂಪಿನ ಮುಚ್ಚಳದ ಮೇಲೆ ಭಾರಕ್ಕೆಂದು ಹೇರಿದ್ದ ಹಳೇ ಬೀಸುವ ಕಲ್ಲನ್ನು ಅವಳು ಕೆಳಗಿಳಿಸಿದಳು. ಊರಲ್ಲಿ ಗೋಧಿ ಎಂಬುದು ರೇಷನ್ ಅಂಗಡಿಯಲ್ಲೂ ಸಿಗದಿದ್ದ ಕಾಲದ ಕಲ್ಲು, ರಾಗಿ ಬಿಟ್ಟು ಬೇರೇನೂ ಕಂಡಿರಲಿಲ್ಲ. ಗಿರಣಿ ಬಂದ ವರ್ಷ ಇನ್ನು ನಿನ್ನ ಹಂಗಿಲ್ಲ ಎಂದು ಅದನ್ನು ಹೊರಗೆ ಹಾಕಿಸಿದವಳು ಅವಳೇ. ಮೂರು ಸಲ ತೊಳೆದು, ಕಲ್ಲು ಕುಟ್ಟುವವಳನ್ನು ಕರೆದು ಹಲ್ಲು ಹಾಕಿಸಿ, ಹೊಸ ಗೂಟ ಬಡಿಸಿ, ಮನೆಯ ಹಿಂದೆ ಗಿರಣಿಯ ಗಾಳಿ ತಾಗದ ಕಡೆ ಇರಿಸಿದಳು. ಹಳೇ ಹಿಟ್ಟೆಲ್ಲ ದನದ ಬಾನಿಗೆ ಹೋಯಿತು. ಯಾಕೆ ಎಂದು ಕೇಳಿದವರಿಗೆ ಬೀಸಿದ ಹಿಟ್ಟಿನ ರುಚಿಯೇ ಬೇರೆ ಎಂದಳು. ಗಿರಣಿ ಮುಂದೆ ಸದ್ದು ಮಾಡುತ್ತಿತ್ತು, ಗಿರಣಿಯ ಯಜಮಾನಿ ಹಿಂದೆ ಕೂತು ರಾಗಿ ಬೀಸುತ್ತಿದ್ದಳು. ಮಾರಕ್ಕನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದವಳು ರುದ್ರಮ್ಮ. ಮಾರಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಅದರ ಮೇಲೆ ಮತ್ತೆ ಎದ್ದವು. ಅಕ್ಕಿಯನ್ನೂ ಅದರಲ್ಲೇ ಬೀಸಿದಳು.

ಹತ್ತನೆಯ ದಿನ ರಾಣಿ ತಿಂಡಿ ತಿಂದ ಮೇಲೆ ಮಲಗಲಿಲ್ಲ. ಇಪ್ಪತ್ತನೆಯ ದಿನ ಬಳೆ ಮೊಳಕೈಗೆ ಜಾರುವುದು ನಿಂತಿತು. ಮಾರಕ್ಕ ನೋಡಿದರೂ ನೋಡದಂತೆ ಇದ್ದಳು. ಸಂತೋಷಪಡಲೂ ತನಗೆ ಹಕ್ಕಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನಾಗಲಕ್ಷ್ಮಮ್ಮ ಬಂದಳು. ಕೈಯಲ್ಲಿ ದೊಡ್ಡದೊಂದು ಖಾಲಿ ಬ್ಯಾಗಿತ್ತು, ಮಗಳ ಸೀರೆಗಳಿಗೆ. ಮುಂಬಾಗಿಲಲ್ಲಿ ಯಾರೂ ಕಾಣದೆ ಹಿತ್ತಲಿಗೆ ಬಂದರೆ ಕಂಡದ್ದು ಬೀಸುವ ಕಲ್ಲು, ಸುತ್ತ ಹಿಟ್ಟು, ಪಕ್ಕದಲ್ಲಿ ತಟ್ಟೆ ಹಿಡಿದು ಕೂತ ಮಗಳು. ಮಾರಕ್ಕ ಕಾಳು ತರಲು ಒಳಗೆ ಹೋಗಿದ್ದಳು.

"ಗಿರಣಿ ಮನೆ ಅಂತ ಕೊಟ್ರೆ ನಿನ್ನ ಕೈಲಿ ರಾಗಿ ಬೀಸಿಸ್ತಿದಾರಾ?"

"ನಾನಲ್ಲಮ್ಮ, ಅತ್ತೆ ಬೀಸೋದು. ಒಂದ್ ತಿಂಗಳಿಂದ, ನಂಗೋಸ್ಕರ."

ಆಗಲೇ ನಾಗಲಕ್ಷ್ಮಮ್ಮ ಮಗಳ ಮುಖವನ್ನು ಸರಿಯಾಗಿ ನೋಡಿದ್ದು. ಕೆನ್ನೆ ಮುಟ್ಟಿದಳು, ತೋಳು ಹಿಚುಕಿದಳು. ಮೊರ ಹಿಡಿದು ಹೊರಬಂದ ಬೀಗಿತ್ತಿಯ ಅಂಗೈ ಹಿಡಿದು ಬೊಬ್ಬೆಗಳನ್ನು ಕಂಡು ಅವಳ ಕಣ್ಣು ತುಂಬಿತು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ, ನಿಮ್ಮಂಥ ಅತ್ತೆ ಏಳು ಜನ್ಮಕ್ಕೂ ಸಿಗುವುದಿಲ್ಲ, ನೀವೇ ನನ್ನ ಮಗಳನ್ನು ಉಳಿಸಿದಿರಿ ಎಂದಳು.

ಬೈದಿದ್ದರೆ ಮಾರಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಮೊರ ಕೆಳಗಿಟ್ಟಳು.

"ಉಳಿಸ್ಲಿಲ್ಲ ಕಣಕ್ಕ. ನಾನೇ ಕೆಡಿಸ್ತಿದ್ದೆ. ಗೋದಿ ಬೀಸಿದ್ ಕಲ್ಲಲ್ಲೇ ಇವಳ ರಾಗೀನೂ ಬೀಸ್ತಿದ್ದೆ. ಕಲ್ಲಲ್ಲಿ ಉಳಿದಿದ್ ಅರ್ಧ ಸೇರು ಮನೆಗೆ ಬರ್ಲಿ ಅಂತ."

ನಾಗಲಕ್ಷ್ಮಮ್ಮ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಆಮೇಲೆ ನಿಧಾನವಾಗಿ ತನ್ನ ಕಡೆಯ ಸತ್ಯವನ್ನೂ ಹೊರಗೆ ತೆಗೆದಳು: ಆಷಾಢದಲ್ಲಿ ತಾನೇನೂ ಹೆಚ್ಚು ಮುತುವರ್ಜಿ ವಹಿಸಿರಲಿಲ್ಲ. ಗಿರಣಿ ದೂರ, ಹೋಗಲು ಬೇಸರ. ಅದಕ್ಕೆ ಅಕ್ಕಿ, ಉದ್ದು ನೆನೆಹಾಕಿ ಮನೆಯ ಗ್ರೈಂಡರಿನಲ್ಲೇ ರುಬ್ಬಿ ಒಂದು ತಿಂಗಳು ಇಡ್ಲಿಯಲ್ಲೇ ದಿನ ತಳ್ಳಿದ್ದಳು. ಒಬ್ಬಳ ಅಕ್ಕರೆಯಿಂದ ಸೊರಗಿದ ಹುಡುಗಿ ಇನ್ನೊಬ್ಬಳ ಸೋಮಾರಿತನದಿಂದ ತುಂಬಿಕೊಂಡಿದ್ದಳು.

ರಾಣಿ ಇಬ್ಬರ ಮುಖವನ್ನೂ ನೋಡಿದಳು. ಅತ್ತೆಯ ಮುಖದ ಮೇಲೆ ಅವಳ ನೋಟ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಮಾರಕ್ಕ ತಲೆ ತಗ್ಗಿಸಿಕೊಂಡಳು. ಆಮೇಲೆ ರಾಣಿ ಖಾಲಿ ತಟ್ಟೆಯನ್ನು ಮುಂದೆ ಚಾಚಿದಳು.

"ಅತ್ತೆ, ಇನ್ನೊಂದು ರೊಟ್ಟಿ ಇದ್ಯಾ?"

ಈ ಮನೆಗೆ ಬಂದಂದಿನಿಂದ ಅವಳು ಕೇಳಿ ಹಾಕಿಸಿಕೊಂಡದ್ದು ಅದೇ ಮೊದಲು. ಮಾರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಹಿಟ್ಟು ಮುಗಿದಿದೆ, ಎರಡು ಸುತ್ತು ತಿರುಗಿಸಿದರೆ ಆಯಿತು ಎಂದು ಕೂತಳು. ನಾಗಲಕ್ಷ್ಮಮ್ಮ ಬ್ಯಾಗನ್ನು ಗೋಡೆಗೆ ಒರಗಿಸಿ ಎದುರಿಗೆ ಕೂತು ಗೂಟದ ಮೇಲೆ ಕೈಯಿಟ್ಟಳು. ಮಗಳ ಅತ್ತೆಮನೆಯಲ್ಲಿ ಬೀಸುವ ಕಷ್ಟ ಕೊನೆಗೆ ಅವಳ ಪಾಲಿಗೇ ಬಂತು. ಸಂಜೆ ಅವಳ ಬ್ಯಾಗಿನಲ್ಲಿ ಸೀರೆಗಳ ಬದಲು ಎರಡು ಸೇರು ರಾಗಿ ಹಿಟ್ಟು ಹೋಯಿತು.

ಬೀಸುವ ಕಲ್ಲಿನದು ಒಂದೇ ಲೋಪ. ಸುತ್ತ ಚೆಲ್ಲಿದ್ದು, ಗಾಳಿಗೆ ಹಾರಿದ್ದು, ಗುಬ್ಬಿ ತಿಂದದ್ದು ಎಲ್ಲ ಕಳೆದು ಹತ್ತು ಸೇರಿಗೆ ಒಂಬತ್ತೂವರೆ ಸೇರು ಮಾತ್ರ ಸಿಗುತ್ತದೆ. ಮಾರಕ್ಕ ಈಗಲೂ ಪ್ರತಿ ಸಲ ಅಳೆದು ನೋಡುತ್ತಾಳೆ, ಅರ್ಧ ಸೇರು ಕಡಿಮೆ ಬಂದರೆ ಸರಿಯಾಗಿದೆ ಎಂದು ಡಬ್ಬಕ್ಕೆ ತುಂಬುತ್ತಾಳೆ.