ಫಿಲ್ಮಿನಲ್ಲಿ ಕಾಣದ ಮೊಳೆ

ಐಸ್ ಮೇಲೆ ಜಾರಿ ನನ್ನ ಬಲ ಮೊಣಕೈ ಮುರಿದಾಗ ನಮ್ಮೂರು ಟಾಂಪೆರೆಯ ಆಸ್ಪತ್ರೆಗೆ ಜೊತೆಗೆ ಬಂದವಳು ಅಕ್ಕ ಐಲಾ. ನಾವಿಬ್ಬರೂ ಒಂದೇ ಕ್ಲಬ್ಬಿನ ಜಾವೆಲಿನ್ ಎಸೆತಗಾರ್ತಿಯರು. ಡಾಕ್ಟರು ಮೂಳೆಗೆ ಹಾಕಿದ್ದು ಉಕ್ಕಿನ ಮೊಳೆಯಲ್ಲ. ಮೈಯೊಳಗೇ ಕರಗಿಹೋಗುವ ಹೊಸ ಬಗೆಯದು.

"ತೆಗೆಯೋಕೆ ಇನ್ನೊಂದು ಆಪರೇಷನ್ ಬೇಡ. ಆದ್ರೆ ಎಕ್ಸ್‌ರೇನಲ್ಲಿ ಕಾಣಲ್ಲ, ಗಾಬರಿ ಆಗ್ಬೇಡಿ" ಎಂದರು.

ಐಲಾ ಮತ್ತೆ ಮತ್ತೆ ಕೇಳಿ ಖಚಿತಮಾಡಿಕೊಂಡಳು.

ಜೂನ್ ಹೊತ್ತಿಗೆ ಮೂಳೆ ಕೂಡಿಕೊಂಡು ನನ್ನ ಎಸೆತ ಅವಳದ್ದಕ್ಕಿಂತ ದೂರ ಬೀಳತೊಡಗಿತು. ದೇಶಮಟ್ಟದ ಸ್ಪರ್ಧೆಗೆ ಕ್ಲಬ್ಬಿನಿಂದ ಒಬ್ಬಳೇ ಹೋಗಬಹುದಿತ್ತು. ಹೆಸರು ಕಳಿಸುವ ದಿನ ಕೋಚ್ ರೆಯೋ ಎಕ್ಸ್‌ರೇ ತರಲು ಹೇಳಿದರು. ನನ್ನ ಬಳಿ ಇದ್ದದ್ದು ಆಪರೇಷನ್ ಆದ ಕೂಡಲೇ ತೆಗೆದದ್ದು. ರೆಯೋ ಕಾಫಿ ಲೋಟ ಪಕ್ಕಕ್ಕಿಟ್ಟು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಬಿರುಕು ಕಾಣ್ತಿದೆ. ಮೊಳೆ ಎಲ್ಲಮ್ಮಾ?"

"ಅದು ಕಾಣಲ್ಲ ಸಾರ್."

"ನನ್ನ ಕಾಲಲ್ಲಿ ಯುದ್ಧದಲ್ಲಿ ಹೊಕ್ಕ ಕಬ್ಬಿಣದ ಚೂರು ಇನ್ನೂ ಇದೆ. ಫಿಲ್ಮಲ್ಲಿ ಫಳಫಳ ಅನ್ನುತ್ತೆ. ನಿಂದೇನು, ದೆವ್ವ ಹೊಡೆದ ಮೊಳೆನಾ?"

ಕಾಫಿಗೆ ಕೂತಿದ್ದ ಕ್ಲಬ್ಬಿನವರೆಲ್ಲ ನಕ್ಕರು. ಡಾಕ್ಟರನ್ನೇ ಕೇಳೋಣವೆಂದರೆ ಅವರು ಕೆರೆದಂಡೆಯ ಬೇಸಿಗೆಮನೆಗೆ ಹೋಗಿದ್ದರು, ಅಲ್ಲಿ ಫೋನಿಲ್ಲ. ರೆಯೋ ಐಲಾಳತ್ತ ತಿರುಗಿದರು.

"ನೀನಿದ್ಯಲ್ಲ ಅಲ್ಲಿ. ಡಾಕ್ಟರು ಹಾಗಂದ್ರಾ?"

ನನಗೆ ಜೀವ ಬಂದಂತಾಯಿತು. ಐಲಾ ಬನ್ನು ಮುರಿದು ಕಾಫಿಯಲ್ಲಿ ಅದ್ದಿದಳು.

"ನಾನು ಆಗ ಕಾಫಿಗೆ ಹೋಗಿದ್ದೆ. ಗೊತ್ತಿಲ್ಲ."

"ಅಕ್ಕಾ!" ಎಂದೆ. ಅವಳು ನೆನೆದ ಬನ್ನನ್ನು ಬಾಯಿಗಿಟ್ಟುಕೊಂಡಳು.

"ಮೈದಾನದಲ್ಲಿ ಕೈ ಮುರ್ಕೊಂಡ್ರೆ ಯಾರು ಹೊಣೆ? ಮುಂದಿನ ವರ್ಷ ನೀನೇ ಬಿಡು" ಎಂದು ರೆಯೋ ನನ್ನ ಮೂಗಿಗೆ ತುಪ್ಪ ಸವರಿ ಐಲಾಳ ಹೆಸರು ಬರೆದರು. ಮುದುಕನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ತಿಳಿದದ್ದು ಅಷ್ಟೇ. ಆದರೆ ಇವಳು ನಂಬಿಸಿ ಕುತ್ತಿಗೆ ಕೊಯ್ದಳು.

ಆ ಸಂಜೆ ಅಮ್ಮ ಹಬೆಸ್ನಾನದ ಸೌನಾ ಕೋಣೆ ಕಾಯಿಸಿದ್ದಳು. ಚಿಕ್ಕಂದಿನಿಂದ ನಾವು ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಂಡೇ ಬೆಳೆದವರು. ಐಲಾ ಎಂದಿನಂತೆ ಬೆನ್ನು ತಿರುಗಿಸಿ ಕೂತಳು.

"ಕೋಪಾನಾ ಹಿಲ್ಕಾ? ನೀನಿನ್ನೂ ಚಿಕ್ಕೋಳು. ನಂಗಿದೇ ಕೊನೇ ಅವಕಾಶ ಕಣೇ."

"ಅಂದ್ರೆ ಕೇಳಿಸ್ಕೊಂಡಿದ್ದೆ."

"ಉಜ್ಜೇ ಸುಮ್ನೆ."

ನಾನು ಬ್ರಷ್ಷಿಗೆ ಸೋಪು ಹಚ್ಚಿದೆ. ಅವಳ ಬೆನ್ನು ಮುಟ್ಟದೆ, ಮುರಿದಿದ್ದ ಬಲಗೈಯನ್ನೇ ಮಡಚಿ, ಭುಜದ ಮೇಲಿಂದ ಹಿಂದಕ್ಕೆ ಚಾಚಿ, ನನ್ನ ಬೆನ್ನನ್ನು ನಾನೇ ನಡುವಿನವರೆಗೂ ಉಜ್ಜಿಕೊಂಡೆ. ಎಲ್ಲೂ ನೋಯಲಿಲ್ಲ. ಐಲಾ ತಿರುಗಿ ನೋಡಿದವಳು ನೋಡುತ್ತಲೇ ಇದ್ದಳು.