ಹಸಿವಿನ ಎಂಟು ಪ್ರಶ್ನೆಗಳು

ಹಸಿವು ಅಳೆಯಲು ಡೆಲ್ಲಿಯಿಂದ ಬಂದ ಸಾರ್ ಪುತ್ತೂರಿನ ಹೋಟೆಲೊಂದರ ಎಸಿ ಹಾಲಿನಲ್ಲಿ ನಮಗೆ ಎರಡು ದಿನ ತರಬೇತಿ ಕೊಟ್ಟರು. ಬಡ ದೇಶಗಳ ಜನರಿಗೆ ಹೊಟ್ಟೆ ತುಂಬಬೇಕಾದರೆ ಸರಕಾರದ ಕೃಷಿನೀತಿ ಹೇಗಿರಬೇಕು ಎಂದು ಕಂಡುಹಿಡಿಯುವುದು ಅವರ ಸಂಸ್ಥೆಯ ಕೆಲಸವಂತೆ. ಆಫ್ರಿಕಾದ ಮೂರು ದೇಶ ಮುಗಿಸಿ ಬಂದಿದ್ದರು, ಈಗ ಸುಳ್ಯ ತಾಲೂಕಿನ ಸರದಿ. ಮಧ್ಯಾಹ್ನ ಅವರ ತಟ್ಟೆಗೆ ಕುಚ್ಚಲಕ್ಕಿ ಅನ್ನ ಬಿತ್ತು. ಇದೇಕೆ ಇಷ್ಟು ದಪ್ಪ, ರೇಷನ್ನಿನದ್ದೇ ಎಂದು ಕೇಳಿ ಬದಿಗೆ ಸರಿಸಿದರು. ಅನ್ನದ ಗುರುತೇ ಇಲ್ಲದವನಿಗೆ ಹಸಿವಿನ ಗುರುತು ಎಲ್ಲಿಂದ ಬರಬೇಕು ಎಂದು ನನಗೆ ಅಲ್ಲೇ ಅನಿಸಿತು. ಆದರೂ ಅವರು ಕೊಟ್ಟ ಟ್ಯಾಬ್ ತೆಗೆದುಕೊಂಡು ಸಹಿ ಹಾಕಿದೆ. ಎಂ.ಎ. ಮಾಡಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಅಷ್ಟೆಲ್ಲ ಕೊಬ್ಬು ಇರಬಾರದು.

ಮನೆ ಮನೆಗೆ ಹೋಗಿ ಕೇಳಲು ಟ್ಯಾಬಿನಲ್ಲಿ ಎಂಟು ಪ್ರಶ್ನೆ. ಐದಕ್ಕಾದರೂ ಹೌದು ಎಂದು ಬಿದ್ದರೆ ಅದು ತೀವ್ರ ಹಸಿವಿನ ಮನೆ. ಅಂಥ ಮನೆಗಳಿಗೆ ಒಂದೂವರೆ ವರ್ಷ, ತಿಂಗಳು ತಿಂಗಳು ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆ ಕೊಟ್ಟು ಏನಾಗುತ್ತದೆಂದು ನೋಡುವುದು. ಹಸಿದವರಿಗೆ ಊಟ ಕೊಟ್ಟರೆ ಏನಾಗುತ್ತದೆಂದು ತಿಳಿಯಲು ಇವರಿಗೆ ಒಂದೂವರೆ ವರ್ಷ ಬೇಕು! ನಮಗಿದ್ದ ನಿಯಮ ಒಂದೇ. ಮನೆಯವರು ಹೇಳಿದ್ದನ್ನಷ್ಟೇ ಒತ್ತಬೇಕು, ನಮ್ಮ ಬುದ್ಧಿ ಸೇರಿಸಬಾರದು. ಮಾತೆಲ್ಲ ಟ್ಯಾಬಿನಲ್ಲಿ ರೆಕಾರ್ಡ್ ಆಗುತ್ತದೆ.

ನನ್ನ ಪಾಲಿಗೆ ಬೆಳ್ಳಾರೆಯ ಸುತ್ತಿನ ನಲವತ್ತು ಮನೆ ಬಂತು, ಎಂದರೆ ನನ್ನದೇ ಊರು. ಮೊದಲ ಮನೆ ಮೇದಪ್ಪಣ್ಣನದ್ದು. ಹನ್ನೆರಡು ಎಕರೆ ಅಡಿಕೆ ತೋಟ, ಅಂಗಳದಲ್ಲಿ ಎರಡು ಕಾರು. ಪಾಪ, ಅವರು ಒಂದು ಸುಳ್ಳನ್ನೂ ಹೇಳಲಿಲ್ಲ.

"ಹಣ ಅಥವಾ ಬೇರೆ ಕಾರಣದಿಂದ ಬರೀ ಗಂಜಿಯಲ್ಲೇ ಹೊತ್ತು ಕಳೆದದ್ದು ಉಂಟಾ?" ಎಂದು ಕೇಳಿದೆ.

"ಗಂಜಿ ಅಲ್ಲದೆ ಮತ್ತೆಂತ? ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ. ನನ್ನ ಅಪ್ಪಂದೂ ಹಾಗೆಯೇ. ಬರಿ, ಬರಿ."

"ತಿನ್ನಬೇಕು ಅನಿಸಿದ್ದನ್ನು ತಿನ್ನಲಿಕ್ಕೆ ಆಗದೆ ಹೋದದ್ದು?"

"ಅದೊಂದು ಕೇಳ್ಬೇಡ ಮಾರಾಯ್ತಿ. ಶುಗರ್ ಬಂದ ಮೇಲೆ ಡಾಕ್ಟ್ರು ಹಲಸಿನ ಹಣ್ಣು ಸಹ ಬಿಡಿಸಿದ್ದಾರೆ."

"ಹೊತ್ತಿನ ಊಟ ಬಿಟ್ಟದ್ದು?"

"ಸೋಮವಾರ ಒಪ್ಪೊತ್ತು. ಸಂಕಷ್ಟಿಗೆ ಉಪವಾಸ."

ಆರು ಹೌದು ಬಿದ್ದವು. ಟ್ಯಾಬ್ ಕೆಂಪಾಗಿ, ಮೇದಪ್ಪಣ್ಣನದ್ದು ತೀವ್ರ ಹಸಿವಿನ ಮನೆ ಎಂದು ತೋರಿಸಿತು. 'ಬೇರೆ ಕಾರಣ' ಎಂಬ ಎರಡು ಪದವನ್ನು ಪ್ರಶ್ನೆಯೊಳಗೆ ತುರುಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಗಂಜಿ ಕಂಡರೆ ಬಡತನ ಎಂದುಕೊಂಡ ಪುಣ್ಯಾತ್ಮರು ಯಾರೆಂದು ಗೊತ್ತಿತ್ತು.

ನಮ್ಮ ಮೇಲ್ವಿಚಾರಕ ಸಂಪ್ರೀತ್‌ಗೆ ಫೋನ್ ಮಾಡಿದೆ. ಅವನು ಪುತ್ತೂರಿನವನೇ, ಬೆಳಿಗ್ಗೆ ಗಂಜಿ ಉಂಡೇ ಬೈಕು ಹತ್ತುವವನು. "ನಿನಗ್ಯಾಕೆ ಆ ಉಸಾಬರಿ ಸುಪ್ರಿತಾ? ಸ್ಕೋರ್ ಬಂತಲ್ಲ, ಮುಂದೆ ಹೋಗು" ಎಂದ. ಅವನ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಮರ್ಯಾದೆಯೂ ಅಲ್ಲಿಗೆ ಮುಗಿಯಿತು.

ಆ ದಿನದ ಕೊನೆಯ ಮನೆ ಸೀತಕ್ಕನದ್ದು. ಅವಳ ಗಂಡ ಶೀನಪ್ಪಣ್ಣ ಊರಿಡೀ ಅಡಿಕೆ ಮರ ಹತ್ತುತ್ತಿದ್ದವರು. ಎರಡು ಮಳೆಗಾಲದ ಹಿಂದೆ ಅಡಿಕೆ ಗೊನೆಗೆ ಮದ್ದು ಬಿಡುವಾಗ ಮರದಿಂದ ಬಿದ್ದು ಬೆನ್ನು ಮುರಿಯಿತು, ಅಂದಿನಿಂದ ಮಂಚ ಬಿಟ್ಟಿಲ್ಲ. ರೇಷನ್ ಬೇಕಾದರೆ ಯಂತ್ರಕ್ಕೆ ಬೆರಳು ಕೊಡಬೇಕು. ಅವರು ಅಂಗಡಿವರೆಗೆ ಹೋಗುವಂತಿಲ್ಲ. ಕೂಲಿಗೆ ಅಡಿಕೆ ಸುಲಿದು ಸುಲಿದು ಸೀತಕ್ಕನ ಬೆರಳ ಗೆರೆಗಳೇ ಅಳಿಸಿಹೋಗಿವೆ. ಅಕ್ಕಿ ನಿಂತು ನಾಲ್ಕು ತಿಂಗಳಾಗಿತ್ತು. ಅವಳು ಅಗುಳನ್ನು ಗಂಡನಿಗೆ ಬಡಿಸಿ ಗಂಜಿಯ ತೆಳಿ ನೀರನ್ನು ತಾನು ಕುಡಿಯುತ್ತಾಳೆಂದು ಸುತ್ತಲಿನ ಎಲ್ಲ ಮನೆಗೂ ಗೊತ್ತು. ಗೊತ್ತಿದ್ದೂ ನಾವೆಲ್ಲ ನಮ್ಮ ನಮ್ಮ ಗಂಜಿ ಉಂಡು ಮಲಗುತ್ತೇವೆ, ಅಷ್ಟು ಒಳ್ಳೆಯ ಊರು ನಮ್ಮದು. ನಮ್ಮಮ್ಮ ಒಮ್ಮೆ ಎರಡು ಸೇರು ಅಕ್ಕಿ ಕಳಿಸಿದ್ದಕ್ಕೆ, ಸೀತಕ್ಕ ಸಂಜೆಯೊಳಗೆ ಒಂದು ಹೊರೆ ಬಸಳೆ ಸೊಪ್ಪು ತಂದು ಹಾಕಿ ಹೋಗಿದ್ದಳು.

"ಹಸಿದು ಮಲಗಿದ್ದು ಉಂಟಾ ಸೀತಕ್ಕ?"

"ಛೆ, ಎಂತ ಕೇಳುದು ನೀನು? ನಮಗೆ ಊಟಕ್ಕೆ ಎಂತ ತೊಂದರೆ ಇಲ್ಲ."

ಎಂಟಕ್ಕೂ ಇಲ್ಲ. ಟ್ಯಾಬ್ ಹಸಿರಾಯಿತು. ನನಗೆ ಮೈಯೆಲ್ಲ ಉರಿಯಿತು. ಅಂಗಳ ದಾಟಿ, ದಾರಿಯಲ್ಲಿ ನಿಂತು, ಟ್ಯಾಬಿನಲ್ಲಿ ಹಿಂದಿನ ಪ್ರಶ್ನೆಗಳಿಗೆ ಹೋಗಿ ಆರು ಇಲ್ಲಗಳನ್ನು ಹೌದು ಮಾಡಿದೆ. ಡೆಲ್ಲಿಯ ಸಾರ್, ಸಂಪ್ರೀತ್, ಇಡೀ ಊರು ಇವರೆಲ್ಲರ ನಡುವೆ ನಾನೊಬ್ಬಳೇ ಮನುಷ್ಯೆ ಎಂಬ ಹೆಮ್ಮೆಯಲ್ಲಿ ಮನೆಗೆ ಬಂದೆ.

ತಿಂಗಳೊಳಗೆ ಮೇದಪ್ಪಣ್ಣನ ಮನೆಗೆ ರಿಕ್ಷಾದಲ್ಲಿ ಕುಚ್ಚಲಲ್ಲದ ಬಿಳಿ ಅಕ್ಕಿಯ ಮೂಟೆ ಬಂತು. ಅವರ ಹೆಂಡತಿ ತಿಮ್ಮಕ್ಕ ಅಂಗಡಿಯಲ್ಲಿ ಸಿಕ್ಕಿದಾಗ ನಗುತ್ತಾ, "ಬೆಳ್ತಿಗೆ ಅಕ್ಕಿ ಯಾರು ಉಣ್ತಾರೆ ನಮ್ಮಲ್ಲಿ? ದನಕ್ಕೆ ಬೇಯಿಸಿ ಹಾಕಿದೆ" ಎಂದರು. ಡೆಲ್ಲಿಯ ವರದಿಯಲ್ಲಿ ಅದು ಆ ಮನೆಯ ಸುಧಾರಣೆ ಎಂದೇ ದಾಖಲಾಗುತ್ತದೆ. ದನ ದಪ್ಪಗಾಗುವುದಂತೂ ಖಂಡಿತ.

ಸೀತಕ್ಕನ ಮೂಟೆ ಮಾತ್ರ ಬರಲಿಲ್ಲ. ಸಂಪ್ರೀತ್ ಫೋನ್ ಮಾಡಿದ. ರೆಕಾರ್ಡಿಗೂ ನಾನು ಒತ್ತಿದ್ದಕ್ಕೂ ತಾಳೆಯಾಗದೆ, ಪರಿಶೀಲನೆಗೆಂದು ಬೆಂಗಳೂರಿನಿಂದ ಒಬ್ಬಳು ನೇರ ಸೀತಕ್ಕನಿಗೇ ಫೋನ್ ಮಾಡಿದ್ದಳಂತೆ. ನೀವು ಊಟವಿಲ್ಲದೆ ಮಲಗುತ್ತೀರೆಂದು ಬರೆದಿದೆ, ಹೌದೇ ಎಂದು ಕೇಳಿದಳಂತೆ. ಯಾರು ಹಾಗೆ ಬರೆದದ್ದು ಎಂದು ಸೀತಕ್ಕ ಬೊಬ್ಬೆ ಹಾಕಿದ್ದಾಳೆ. "ನಿನ್ನ ಕೆಲಸ ಹೋಯ್ತು. ಅವಳ ಮನೆ ಸಹ ಲಿಸ್ಟಿಂದ ಹೊರಗೆ" ಎಂದ. ನಾಳೆ ಸಂಜೆಯೊಳಗೆ ಅವಳೇ ಫೋನ್ ಮಾಡಿ ಹೌದು ಎಂದರೆ ಮತ್ತೆ ಸೇರಿಸಬಹುದು ಎಂದೂ ಹೇಳಿದ.

ಮರುದಿನ ಮಧ್ಯಾಹ್ನ ಹೋದೆ. ಸೀತಕ್ಕ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಒಂದು ಫೋನ್ ಸೀತಕ್ಕ, ಒಂದೇ ಮಾತು. ಒಂದೂವರೆ ವರ್ಷ ಅಕ್ಕಿ ಮನೆಗೇ ಬರ್ತದೆ. ಶೀನಪ್ಪಣ್ಣನ ಮುಖ ನೋಡಿಯಾದ್ರೂ..."

"ನನ್ನ ಮನೆಯಲ್ಲಿ ಊಟ ಇಲ್ಲ ಅಂತ ನೀನು ಬರೆದದ್ದಾ?"

"ಹೌದು" ಎಂದೆ. "ಇದ್ದದ್ದನ್ನೇ ಬರೆದೆ."

ಅವಳು ಎದ್ದು ಒಳಗೆ ಹೋದಳು. ನೆಲಕ್ಕೆ ನೀರು ಚಿಮುಕಿಸಿ ಮಣೆ ಹಾಕಿ, "ಬಾ, ಕೂತ್ಕೊ" ಎಂದಳು. ಅಡುಗೆ ಮನೆಯಲ್ಲಿ ಒಲೆಯ ಮೇಲೆ ಒಂದೇ ಪಾತ್ರೆ ಇತ್ತು. ನಾನು ಕೂತೆ. ಈ ಊರಲ್ಲಿ ಹಾಕಿದ ಮಣೆಯಿಂದ ಎದ್ದು ಹೋಗುವುದೆಂದರೆ ಆ ಮನೆಯ ಮುಖಕ್ಕೆ ಉಗಿದಂತೆ, ಮತ್ತು ನಾನು ಒಮ್ಮೆ ಉಗಿದಾಗಿತ್ತು.

ಅವಳು ನೀರು ಬಸಿದು ಗಟ್ಟಿ ಅಗುಳನ್ನೇ ತಟ್ಟೆಗೆ ಹಾಕಿದಳು. ಒಂದು ಸೌಟು, ಎರಡು ಸೌಟು. ಮೂರನೆಯದಕ್ಕೆ ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದು ಕೇಳಿತು. ಬದಿಗೆ ಒಂದು ಮಾವಿನ ಮಿಡಿ ಇಟ್ಟಳು.

"ಸಾಕು ಸೀತಕ್ಕ, ಶೀನಪ್ಪಣ್ಣಂದು ಆಗ್ಬೇಕಲ್ಲ."

ಗೋಡೆಯಾಚೆ ಮಂಚದಿಂದ ಶೀನಪ್ಪಣ್ಣನ ಸ್ವರ ಬಂತು. "ಅವಳಿಗೆ ಹಾಕು. ನನಗೆ ಇವತ್ತು ಹಸಿವೇ ಇಲ್ಲ."

ಸೀತಕ್ಕ ನನ್ನೆದುರು ಕುಕ್ಕರುಗಾಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಅವಳ ಗಂಡನ ಊಟವನ್ನು ಒಂದು ಅಗುಳೂ ಬಿಡದೆ ಉಂಡೆ.